ಹೊರದೇಶದ ಇಂಟರ್ನ್‌ಶಿಪ್: ಮಲೆನಾಡಿನ ಮಕ್ಕಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ತೀರ್ಥಹಳ್ಳಿ ಹತ್ತಿರ. ಮನೆಯದು ಅಡಿಕೆ ತೋಟ. ಶಿವಮೊಗ್ಗದಲ್ಲಿ ಕೃಷಿ ಪದವಿ ಓದುತ್ತಿದ್ದಾಗ ಮೂರು ತಿಂಗಳು ಜರ್ಮನಿಯ ಒಂದು ಲ್ಯಾಬಿನಲ್ಲಿ ಇಂಟರ್ನ್ ಆಗಿದ್ದೆ. ವಾಪಸ್ ಬಂದಾಗಿನಿಂದ ಕಾಲೇಜು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಮದುವೆ ಮನೆಯಲ್ಲಿ ಪಂಕ್ತಿಗೆ ಪಕ್ಕ ಕೂತವರು ಕೇಳುತ್ತಲೇ ಇದ್ದಾರೆ. ಪತ್ರ ಬರೆದು ಕೇಳಿದವರೂ ಇದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ.

## ಹೊರಡುವ ಮುಂಚೆ

ಮೂರು ತಿಂಗಳಿಗೆ ಅಷ್ಟು ದೂರ ಹೋಗಿ ಬಂದ್ರೆ ಏನು ಸಿಗುತ್ತೆ?

ಒಂದು ಸರ್ಟಿಫಿಕೇಟ್ ಸಿಗುತ್ತದೆ. ಕೆಲಸ ಚೆನ್ನಾಗಿ ಮಾಡಿದರೆ ಶಿಫಾರಸು ಪತ್ರ ಸಿಗುತ್ತದೆ. ನಾಲ್ಕು ಹೊಸ ಕೆಲಸ ಕೈಗೆ ಹತ್ತುತ್ತದೆ. ಮೂರು ತಿಂಗಳಲ್ಲಿ ಯಾರೂ ವಿಜ್ಞಾನಿ ಆಗುವುದಿಲ್ಲ.

ನನಗೆ ಸಿಕ್ಕ ದೊಡ್ಡದು ಬೇರೆ. ಬಾಯಿ ಬಿಟ್ಟು ಕೇಳುವುದು ಬಂತು. ನಮ್ಮ ಮನೆಗಳಲ್ಲಿ ಕೇಳುವ ಮೊದಲೇ ಎಲ್ಲ ಆಗಿರುತ್ತದೆ, ಅಲ್ವಾ? ಹಸಿವು ಅನ್ನುವ ಮುಂಚೆ ತಟ್ಟೆ ಬರುತ್ತದೆ. ಬಸ್ಸಿಗೆ ಹೊತ್ತಾಯ್ತು ಅನ್ನುವಷ್ಟರಲ್ಲಿ ಅಪ್ಪಯ್ಯ ಬೈಕ್ ಸ್ಟಾರ್ಟ್ ಮಾಡಿರುತ್ತಾರೆ. ಕ್ಲಾಸಿನಲ್ಲಿ ಅರ್ಥ ಆಗದಿದ್ದರೆ ಪಕ್ಕದವಳ ನೋಟ್ಸ್ ಇರುತ್ತದೆ. ಆ ಪ್ರೀತಿಯಲ್ಲೇ ಬೆಳೆದವಳು ನಾನು, ಅದರ ಬಗ್ಗೆ ದೂರು ಇಲ್ಲ. ಆದರೆ ಲ್ಯಾಬಿನ ಮೊದಲ ವಾರ ಒಂದು ವಿಷಯ ಗೊತ್ತಾಯಿತು. "ಇದು ನನಗೆ ಅರ್ಥ ಆಗಲಿಲ್ಲ, ಇನ್ನೊಂದು ಸಲ ಹೇಳಿ" ಅಂತ ಗಟ್ಟಿಯಾಗಿ ಹೇಳಿ ನನಗೆ ರೂಢಿಯೇ ಇರಲಿಲ್ಲ.

ನಮ್ಮಂಥ ಸಣ್ಣ ಊರಿನ ಕಾಲೇಜಿನವರಿಗೆ ಯಾರು ಕೊಡ್ತಾರೆ? ಎಲ್ಲಿ ಹುಡುಕೋದು?

ಕೊಡುತ್ತಾರೆ. ದಾರಿ ಎರಡಿವೆ.

ಒಂದು, ಸ್ಕಾಲರ್‌ಶಿಪ್ ಇರುವ ಕಾರ್ಯಕ್ರಮಗಳು. ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ ಇಂಟರ್ನ್‌ಶಿಪ್ 12 ವಾರದ್ದು, ಪದವಿ ಓದುತ್ತಿರುವವರಿಗಾಗಿಯೇ ಇರುವುದು. ಜರ್ಮನಿಯ ಡಿಎಎಡಿ ಅನ್ನುವ ಸಂಸ್ಥೆ 1925ರಿಂದ ವಿದ್ಯಾರ್ಥಿ ವಿನಿಮಯದ ಕೆಲಸ ಮಾಡುತ್ತಿದೆ. ತಾಂತ್ರಿಕ ವಿಷಯ ಓದುವವರನ್ನು ದೇಶದಿಂದ ದೇಶಕ್ಕೆ ಕಳಿಸುವ ಐಎಇಎಸ್‌ಟಿಇ ಸಂಸ್ಥೆ 1948ರದ್ದು. ಯಾವ ವಿಷಯದವರಿಗೆ, ಎಷ್ಟು ಅಂಕ ಬೇಕು, ಕೊನೆಯ ದಿನ ಯಾವಾಗ ಅನ್ನುವುದು ವರ್ಷ ವರ್ಷ ಬದಲಾಗುತ್ತದೆ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ, ಅವರ ವೆಬ್‌ಸೈಟನ್ನೇ ನೋಡಿ. ಬೇಸಿಗೆಗೆ ಹೋಗಬೇಕು ಅಂತಿದ್ದರೆ ಹಿಂದಿನ ಮಳೆಗಾಲದಲ್ಲೇ ಹುಡುಕಲು ಶುರು ಮಾಡಿ.

ಇನ್ನೊಂದು, ನೇರವಾಗಿ ಪ್ರೊಫೆಸರ್‌ಗಳಿಗೆ ಮೇಲ್ ಬರೆಯುವುದು. ನಾನು ಹೋದದ್ದು ಹೀಗೆ. ಒಟ್ಟು 38 ಮೇಲ್ ಬರೆದೆ. ಮೊದಲ ಇಪ್ಪತ್ತೂ ಒಂದೇ ಥರ ಇದ್ದವು. ನಾನು ಶ್ರಮಪಡುವ ವಿದ್ಯಾರ್ಥಿನಿ, ನಿಮ್ಮ ಸಂಶೋಧನೆಯಲ್ಲಿ ಬಹಳ ಆಸಕ್ತಿ ಇದೆ, ಇಷ್ಟೇ. ಒಂದಕ್ಕೂ ಉತ್ತರ ಇಲ್ಲ. ನಮ್ಮ ಮೇಷ್ಟ್ರೊಬ್ಬರು ಅದನ್ನು ಓದಿ, "ಇದರಲ್ಲಿ ನೀನು ಎಲ್ಲಿದೀಯ?" ಅಂತ ಕೇಳಿದರು. ಆ ರಾತ್ರಿ ಬೇರೆ ಬರೆದೆ: "ನಮ್ಮ ತೋಟದ ಅಡಿಕೆಗೆ ಮಳೆಗಾಲದಲ್ಲಿ ಕೊಳೆ ರೋಗ ಬರುತ್ತದೆ. ಅದನ್ನು ತರುವುದು ಫೈಟಾಫ್ತೊರಾ ಅನ್ನುವ ಸೂಕ್ಷ್ಮಜೀವಿ. ಅದೇ ಕುಲದ ಇನ್ನೊಂದರ ಮೇಲೆ ನೀವು ಆಲೂಗಡ್ಡೆಯಲ್ಲಿ ಕೆಲಸ ಮಾಡುತ್ತಿದ್ದೀರಿ. ನಾನು ಕೊಳೆ ಬಂದ ತೋಟದಲ್ಲಿ ಓಡಾಡಿ ಬೆಳೆದವಳು, ಮೈಕ್ರೋಸ್ಕೋಪಿನಲ್ಲಿ ಅದನ್ನು ನೋಡಿಲ್ಲ." ಮೂರನೇ ದಿನ ಉತ್ತರ ಬಂತು. ನಿಮ್ಮ ಊರು, ನಿಮ್ಮ ಮನೆ ಕೆಲಸ ಸಣ್ಣದು ಅಂತ ಮುಚ್ಚಿಡಬೇಡಿ. ಮೇಲ್‌ನಲ್ಲಿ ಬೇರೆ ಯಾರೂ ಬರೆಯಲಾಗದ ಸಾಲು ಅದೇ.

ಏಜೆಂಟ್ ಒಬ್ರು ದುಡ್ಡು ಕಟ್ಟಿದ್ರೆ ಆಫರ್ ಲೆಟರ್ ಕೊಡಿಸ್ತೀನಿ ಅಂತಾರೆ. ಕಟ್ಟಬಹುದಾ?

ಬೇಡ. ಅರ್ಜಿ ಶುಲ್ಕ, ವೀಸಾ ಶುಲ್ಕ ಇರುವುದು ಬೇರೆ ಮಾತು. ಆಫರ್ ಲೆಟರನ್ನೇ ಮಾರುವವರು ಮೋಸಗಾರರು. ಪತ್ರ ಬಂದರೆ ಆ ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿರುವ ವಿಳಾಸಕ್ಕೆ ನೀವೇ ಬರೆದು, ಇದು ನೀವು ಕಳಿಸಿದ್ದು ಹೌದಾ ಅಂತ ಕೇಳಿ. ಆನ್‌ಲೈನಿನಲ್ಲಿ ಆಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯಲ್ಲಿ ಬೈತಾರೆ ಅಂತ ಎರಡು ದಿನ ಸುಮ್ನಿದ್ದರೆ ದುಡ್ಡು ಸಿಗುವ ದಾರಿ ಮುಚ್ಚುತ್ತದೆ.

ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಹೋಗ್ಬೇಕಾ? ವೀಸಾ ಕತೆ ಏನು?

ಪಾಸ್‌ಪೋರ್ಟಿಗೆ ಬೇಡ. ಶಿವಮೊಗ್ಗದ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. 36 ಪುಟದ್ದಕ್ಕೆ 1,500 ರೂಪಾಯಿ, 10 ವರ್ಷ ನಡೆಯುತ್ತದೆ. ಆಫರ್ ಬರಲಿ ಅಂತ ಕಾಯದೆ ಈಗಲೇ ಮಾಡಿಸಿ. ಆಧಾರ್, ಹತ್ತನೇ ತರಗತಿ ಅಂಕಪಟ್ಟಿ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ನಮ್ಮ ಕಡೆ ಇನಿಷಿಯಲ್ ತೊಂದರೆ ಜಾಸ್ತಿ.

ವೀಸಾಕ್ಕೆ ಬೆಂಗಳೂರಿಗೆ ಹೋಗಬೇಕು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾದಲ್ಲಿ 180 ದಿನದೊಳಗೆ 90 ದಿನ ಮಾತ್ರ ಇರಬಹುದು. ಅದಕ್ಕಿಂತ ಜಾಸ್ತಿ ಇರಬೇಕಾದರೆ ಆ ದೇಶದ ನ್ಯಾಷನಲ್ ವೀಸಾ ಬೇಕು. ಟೂರಿಸ್ಟ್ ವೀಸಾದಲ್ಲಿ ಹೋಗಿ ಇಂಟರ್ನ್‌ಶಿಪ್ ಮಾಡುವ ಯೋಚನೆ ಬೇಡವೇ ಬೇಡ.

ಮಗಳನ್ನ ಒಬ್ಬಳೇ ಅಷ್ಟು ದೂರ ಕಳ್ಸೋದು ಹೇಗೆ ಮಾರಾಯ್ತಿ?

ಅಮ್ಮಂದಿರು ಇದನ್ನು ಕೇಳುವಾಗ ಕೈ ಹಿಡಿದುಕೊಂಡೇ ಕೇಳುತ್ತಾರೆ. ನನ್ನಮ್ಮನೂ ಹಾಗೇ. ಧೈರ್ಯ ತಗೊಳ್ಳಿ ಅಂದರೆ ಧೈರ್ಯ ಬರುವುದಿಲ್ಲ, ಗೊತ್ತು. ನಾವು ಮಾಡಿದ್ದನ್ನು ಹೇಳುತ್ತೇನೆ.

ಒಂದು ಹಾಳೆಯಲ್ಲಿ ನನ್ನ ರೂಮಿನ ವಿಳಾಸ, ಲ್ಯಾಬಿನ ಫೋನ್, ಅಲ್ಲಿನ ಗೈಡ್ ಹೆಸರು, ವಿಮೆಯ ನಂಬರ್ ಬರೆದು ಅಡುಗೆಮನೆಯ ಕ್ಯಾಲೆಂಡರ್ ಹಿಂದೆ ಅಂಟಿಸಿದೆವು. ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಚಿಕಿತ್ಸೆ ಖರ್ಚು ತುಂಬುವ ವಿಮೆ ಕಡ್ಡಾಯ. ಹಾಗಾಗಿ ಕಾಯಿಲೆ ಬಿದ್ದರೆ ಗತಿ ಏನು ಅನ್ನುವುದಕ್ಕೆ ಉತ್ತರ ಹೊರಡುವ ಮೊದಲೇ ಇರುತ್ತದೆ. ತುರ್ತು ನಂಬರ್ ಅಲ್ಲೂ 112, ಇಲ್ಲೂ 112. ಅಮ್ಮನಿಗೆ ಆ ಒಂದು ವಿಷಯದಿಂದ ಬಹಳ ಸಮಾಧಾನ ಆಯಿತು.

ಫೋನಿಗೆ ಹೊತ್ತು ಗೊತ್ತು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ತಾಸು ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ನಮ್ಮನೆಯ ರಾತ್ರಿ ಒಂಬತ್ತು ಅಂದರೆ ನನಗೆ ಸಂಜೆ ಐದೂವರೆ. ಇನ್ನೊಂದನ್ನೂ ಮೊದಲೇ ಮಾತಾಡಿಕೊಳ್ಳಿ: ಫೋನ್ ಸಿಗದಿದ್ದರೆ ಏನು ಮಾಡೋದು? ಜುಲೈಯಲ್ಲಿ ನಮ್ಮೂರಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟೂ ಇಲ್ಲ, ಟವರೂ ಇಲ್ಲ. ಕಂಗಾಲಾಗಿದ್ದು ಅಮ್ಮ ಅಲ್ಲ, ನಾನು. ಮಗಳ ಬಗ್ಗೆ ಯೋಚನೆ ಮಾಡುವಾಗ ಮಗಳಿಗೂ ನಿಮ್ಮ ಯೋಚನೆ ಇರುತ್ತದೆ ಅನ್ನುವುದು ನೆನಪಿರಲಿ. ಪೇಟೆಯಲ್ಲಿರುವ ನೆಂಟರೊಬ್ಬರ ನಂಬರ್ ಕೊಟ್ಟಿರಿ.

## ಹೋದ ಮೇಲೆ

ಊಟಕ್ಕೆ ಏನ್ ಮಾಡ್ತಿದ್ದೆ? ಏನೇನು ತಗೊಂಡು ಹೋಗ್ಬಹುದು?

ಅಡುಗೆ ಕಲಿತು ಹೋಗಿ, ಹುಡುಗರೂ ಸೇರಿ. ಅನ್ನ, ಸಾರು, ಒಂದು ಪಲ್ಯ ಬಂದರೆ ಸಾಕು. ಏಷ್ಯನ್ ಅಂಗಡಿಯಲ್ಲಿ ಅಕ್ಕಿ ಹಿಟ್ಟು, ತೊಗರಿಬೇಳೆ ಸಿಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ, ಚೆನ್ನಾಗಿಯೇ ಬರುತ್ತಿತ್ತು. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದು, ಅಡುಗೆಮನೆ ಬಾಗಿಲು ಹಾಕಿಕೊಳ್ಳಿ. ಅಲ್ಲಿ ಮನೆಗಳಲ್ಲಿ ಹೊಗೆ ಬಂದರೆ ಕೂಗುವ ಅಲಾರಂ ಇರುತ್ತದೆ.

ಉಪ್ಪಿನಕಾಯಿ, ಸಾರಿನ ಪುಡಿ ಒಯ್ಯಬಹುದು. ತುಪ್ಪ, ಪೇಡೆ ಬೇಡ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವ ಹಾಗಿಲ್ಲ. ನನ್ನ ಮಿಡಿ ಉಪ್ಪಿನಕಾಯಿ ಡಬ್ಬವನ್ನು ಅಮ್ಮ ಮೂರು ಕವರ್ ಹಾಕಿ, ಹಳೇ ಲುಂಗಿಯಲ್ಲಿ ಸುತ್ತಿ ಕಟ್ಟಿದ್ದಳು. ಒಂದು ತೊಟ್ಟು ಸೋರಲಿಲ್ಲ.

ನಂಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡ ಮೀಡಿಯಂ. ನಡೆಯುತ್ತಾ?

ನಡೆಯುತ್ತದೆ. ನಾನೂ ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅಲ್ಲಿ ಹೋದ ಮೇಲೆ ಕಂಡದ್ದು, ಲ್ಯಾಬಿನಲ್ಲಿದ್ದವರಲ್ಲಿ ಯಾರ ಮನೆ ಮಾತೂ ಇಂಗ್ಲಿಷ್ ಅಲ್ಲ. ಎಲ್ಲರೂ ನಿಧಾನ ಮಾತಾಡುತ್ತಿದ್ದರು, ತಡವರಿಸುತ್ತಿದ್ದರು, ಕೈ ಮಾಡಿ ತೋರಿಸುತ್ತಿದ್ದರು. ಸಂಕೋಚ ಪಡುತ್ತಿದ್ದವಳು ನಾನೊಬ್ಬಳೇ.

ಹೊರಡುವ ಮೊದಲು ಆ ದೇಶದ ಭಾಷೆಯ ಐವತ್ತು ಮಾತು ಕಲಿಯಿರಿ. ಅಂಗಡಿ, ಬಸ್ಸು, ನಮಸ್ಕಾರ, ಲೆಕ್ಕ. ಜರ್ಮನ್‌ನಲ್ಲಿ ನನಗೆ ಇಷ್ಟವಾದ ಮಾತು 'ಫಯರ್‌ಆಬೆಂಡ್'. ದಿನದ ಕೆಲಸ ಮುಗಿದ ಹೊತ್ತು ಅಂತ ಅರ್ಥ. ಸಂಜೆ ಹೊರಡುವಾಗ ಒಬ್ಬರಿಗೊಬ್ಬರು ಅದು ಚೆನ್ನಾಗಿರಲಿ ಅಂತ ಹಾರೈಸುತ್ತಾರೆ. ಪಾತ್ರೆ ತೊಳೆಯುವ ಹೆಂಗಸಿಗೂ ಪ್ರೊಫೆಸರ್ ಅದನ್ನು ಹೇಳಿಯೇ ಹೋಗುತ್ತಿದ್ದರು.

ಸಾಕು ಅಂದ್ರೆ ಸಾಕು ಅಂತಾರಂತೆ, ಹೌದಾ?

ಹೌದು. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ. ಬಡಿಸುವವರು ಮೂರು ಸಲ ಕೇಳುವುದೂ ಮರ್ಯಾದೆ. ಅಲ್ಲಿ ಮೊದಲ ದಿನ ಕಾಫಿ ಬೇಕಾ ಅಂದರು. ಬೇಡ ಅಂದೆ. ಮತ್ತೆ ಕೇಳಲೇ ಇಲ್ಲ. ಸಂಜೆವರೆಗೆ ತಲೆನೋವು.

ಅವರಿಗೆ ಪ್ರೀತಿ ಕಮ್ಮಿ ಅಂತ ಆ ದಿನ ಅಂದುಕೊಂಡಿದ್ದೆ. ಹಾಗಲ್ಲ. ನಾನು ಹೇಳಿದ ಮಾತನ್ನು ಅವರು ನಂಬಿದರು, ಅಷ್ಟೆ. ಇದು ಕೆಲಸದಲ್ಲೂ ಹಾಗೇ. "ಶುಕ್ರವಾರದೊಳಗೆ ಆಗುತ್ತಾ?" ಅಂತ ಕೇಳಿದರೆ ನಾವು ಸುಮ್ನೆ ಹೂಂ ಅಂದುಬಿಡುತ್ತೇವೆ. ಅವರು ಆ ಹೂಂ ನಂಬಿ ಸೋಮವಾರದ ಕೆಲಸ ಇಟ್ಟುಕೊಂಡಿರುತ್ತಾರೆ. ಆಗದಿದ್ದರೆ ಆಗುವುದಿಲ್ಲ, ಬುಧವಾರ ಕೊಡುತ್ತೇನೆ ಅನ್ನಿ. ಯಾರೂ ಮುಖ ಸಿಂಡರಿಸುವುದಿಲ್ಲ.

ಒಂಟಿ ಅನ್ಸಲ್ವಾ?

ಅನಿಸುತ್ತದೆ. ನನಗೆ ಎರಡನೇ, ಮೂರನೇ ವಾರ ಕಷ್ಟವಾಯಿತು. ಮೊದಲ ವಾರ ಎಲ್ಲ ಹೊಸದು, ಅಳಲು ಪುರುಸೊತ್ತಿಲ್ಲ. ಆಮೇಲೆ ಭಾನುವಾರ ಬರುತ್ತದೆ. ಅಂಗಡಿ ಮುಚ್ಚಿರುತ್ತವೆ. ಬೀದಿಯಲ್ಲಿ ಸದ್ದಿಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು ಇರುತ್ತದೆ, ದಿನ ಮುಗಿಯುವುದೇ ಇಲ್ಲ.

ಒಂದು ಸಂಜೆ ಮಳೆ ಬಂತು. ಗಾಜಿನಾಚೆ ಮಳೆ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಕಿಟಕಿಗೆ ಎರಡು ಪದರದ ಗಾಜು. ಹೆಂಚಿನ ಮೇಲೆ ಮಳೆ ಸುರಿಯುವ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದ ನನಗೆ ಆ ಸದ್ದಿಲ್ಲದ ಮಳೆ ನೋಡಿ ಎದೆ ಹಿಂಡಿದ ಹಾಗಾಯಿತು. ಕಿಟಕಿ ಪೂರ್ತಿ ತೆಗೆದೆ. ನೆಲ ಒದ್ದೆಯಾದರೂ ಹಾಗೇ ಬಿಟ್ಟು ಅಲ್ಲೇ ಕೂತೆ. ಮಾರನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ, ನನ್ನ ಪಕ್ಕದ ಮೇಜಿನ ಹುಡುಗಿಗೆ ಇದನ್ನು ಹೇಳಿದೆ. ಭಾನುವಾರ ನಾವು ಕಾಡಿಗೆ ಹೋಗ್ತೀವಿ, ಬಾ ಅಂದಳು. ಹೇಳದಿದ್ದರೆ ಆಕೆಗೆ ಗೊತ್ತಾಗುವುದಾದರೂ ಹೇಗೆ? ಆ ಕಾಡಿನಲ್ಲಿ ಮೊದಲ ಸಲ ಉಂಬಳದ ಭಯ ಇಲ್ಲದೆ ಬರಿಗಾಲಲ್ಲಿ ನಡೆದೆ.

ಒಂಟಿತನ ವಾರಗಟ್ಟಲೆ ಬಿಡದೆ, ಊಟ ನಿದ್ದೆ ಕೆಟ್ಟರೆ ತಡೆದುಕೊಂಡು ಕೂರಬೇಡಿ. ಯೂನಿವರ್ಸಿಟಿಗಳಲ್ಲಿ ಕೌನ್ಸೆಲರ್ ಇರುತ್ತಾರೆ. ಮನೆಗೂ ಹೇಳಿ.

ಅಲ್ಲಿ ಏನಾದ್ರೂ ತಪ್ಪು ಮಾಡಿಬಿಟ್ರೆ? ವಾಪಸ್ ಕಳಿಸಿಬಿಡ್ತಾರಾ?

ಇದಕ್ಕೆ ಉತ್ತರ ಉದ್ದ. ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ.

ನನ್ನ ಕೆಲಸ ಆಲೂಗಡ್ಡೆಗೆ ಅಂಗಮಾರಿ ತರುವ ಫೈಟಾಫ್ತೊರಾವನ್ನು ಪೆಟ್ರಿ ತಟ್ಟೆಗಳಲ್ಲಿ ಬೆಳೆಸುವುದು. ರೈ ಧಾನ್ಯ ಬೇಯಿಸಿ ಮಾಡಿದ ಅಗಾರ್ ಅನ್ನುವ ಜೆಲ್ಲಿಯ ಮೇಲೆ, 18 ಡಿಗ್ರಿಯಲ್ಲಿ. ನೋಡಲು ಬೂಷ್ಟಿನ ಹಾಗೆ ಬೆಳ್ಳಗೆ ಹಬ್ಬುತ್ತದೆ, ನಿಜವಾದ ಶಿಲೀಂಧ್ರ ಅಲ್ಲ. 24 ತಟ್ಟೆ, ಆರು ಬೇರೆ ಬೇರೆ ಊರಿನ ಮಾದರಿ. ಯಾವ ತಟ್ಟೆಯಲ್ಲಿ ಯಾವುದು ಅಂತ ನಾನು ಮುಚ್ಚಳದ ಮೇಲೆ ಬರೆದಿದ್ದೆ. ಬರೆಯಬೇಕಾದ್ದು ತಳದ ಮೇಲೆ, ಯಾಕೆಂದರೆ ಮುಚ್ಚಳ ಅದಲುಬದಲಾಗಬಹುದು. ಒಂದು ಶುಕ್ರವಾರ ಅಳತೆ ತೆಗೆಯಲು ಹತ್ತು ಹನ್ನೆರಡು ಮುಚ್ಚಳ ಒಟ್ಟಿಗೆ ತೆಗೆದಿಟ್ಟೆ. ವಾಪಸ್ ಮುಚ್ಚುವಾಗ ಕೈ ನಿಂತಿತು. ಯಾವುದಕ್ಕೆ ಯಾವುದು? ಒಂದೂ ಗೊತ್ತಿಲ್ಲ.

ಸಂಜೆ ನಾಲ್ಕೂವರೆ. ಕೋಣೆಯಲ್ಲಿ ನಾನೊಬ್ಬಳೇ. ಅಂದಾಜಿನ ಮೇಲೆ ಮುಚ್ಚಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹತ್ತು ನಿಮಿಷ ಆ ತಟ್ಟೆಗಳನ್ನೇ ನೋಡುತ್ತಾ ನಿಂತಿದ್ದೆ. ಹೈಸ್ಕೂಲಿನಲ್ಲಿ ಒಮ್ಮೆ ಬೀಕರ್ ಒಡೆದು, ಇಡೀ ಕ್ಲಾಸಿನ ಮುಂದೆ ಬೈಸಿಕೊಂಡದ್ದು ನೆನಪಾಗುತ್ತಿತ್ತು. ಆಮೇಲೆ ಗೈಡ್ ಕೋಣೆಗೆ ಹೋಗಿ ಹೇಳಿದೆ. ದನಿ ನಡುಗುತ್ತಿತ್ತು.

ಅವರು ಬೈಯಲಿಲ್ಲ, ಪರವಾಗಿಲ್ಲ ಬಿಡು ಅಂತಲೂ ಅನ್ನಲಿಲ್ಲ. ಮೂರು ಪ್ರಶ್ನೆ ಕೇಳಿದರು. ಏನಾಯಿತು? ಯಾವ ತಟ್ಟೆಗಳನ್ನು ಈಗಲೂ ನಂಬಬಹುದು? ಇನ್ನು ಮುಂದೆ ಹೇಗೆ ಮಾಡುತ್ತೀ? ಮುಚ್ಚಳ ತೆಗೆಯದ ತಟ್ಟೆಗಳನ್ನು ಉಳಿಸಿಕೊಂಡು, ಮಿಕ್ಕಿದ್ದನ್ನು ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್‌ಗೆ ಹಾಕಿದೆವು. ಹತ್ತು ದಿನದ ಕೆಲಸ ಹೋಯಿತು. ನೋಟ್‌ಬುಕ್‌ನಲ್ಲಿ ಪೆನ್ನಿನಲ್ಲೇ ಬರೆಸಿದರು, ತಾರೀಖು ಹಾಕಿ. ತಪ್ಪಿದ ಸಾಲಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದುವ ಹಾಗಿರಬೇಕು. ಅಳಿಸುವ ಹಾಗಿಲ್ಲ.

ಆ ಸಂಜೆ ರೂಮಿಗೆ ನಡೆದು ಹೋಗುವಾಗ ಮೈ ಹಗುರವಾಗಿತ್ತು. ಇಡೀ ಮೂರು ತಿಂಗಳಲ್ಲಿ ನಾನು ಬೆಳೆದದ್ದು ಅಂತ ಬೆರಳಿಟ್ಟು ತೋರಿಸಬೇಕಾದರೆ ಆ ಹತ್ತು ನಿಮಿಷವನ್ನೇ ತೋರಿಸುತ್ತೇನೆ. ಎಲ್ಲ ಕಡೆ ಇಂಥ ಗೈಡ್ ಸಿಗುತ್ತಾರೆ ಅಂತ ಹೇಳಲಾರೆ. ಸಿಗದಿದ್ದರೂ ಹೇಳಿ. ಮುಚ್ಚಿಟ್ಟ ತಪ್ಪಿನ ಮೇಲೆ ಇನ್ನೊಬ್ಬರು ತಮ್ಮ ಲೆಕ್ಕ ಕಟ್ಟುತ್ತಾರೆ.

## ಸ್ವಲ್ಪ ಆಳದ ಪ್ರಶ್ನೆಗಳು

ಆಲೂಗಡ್ಡೆ ಬಗ್ಗೆ ಕಲಿತು ನಮ್ಮ ಅಡಿಕೆಗೆ ಏನು ಉಪಯೋಗ?

ತೋಟದವರು ಕೇಳುವ ಪ್ರಶ್ನೆ, ನ್ಯಾಯವಾದದ್ದೇ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆತು ದೊಡ್ಡ ಕ್ಷಾಮ ಬಂತಲ್ಲ, ಅದನ್ನು ತಂದ ಜೀವಿಯೂ ನಮ್ಮ ಕೊಳೆ ರೋಗದ್ದೂ ಒಂದೇ ಕುಲ. ಫೈಟಾಫ್ತೊರಾ ಅಂತ 1876ರಲ್ಲಿ ಹೆಸರಿಟ್ಟವರು ಜರ್ಮನಿಯ ಡಿ ಬಾರಿ. ಗಿಡ ನಾಶ ಮಾಡುವುದು ಅಂತ ಅರ್ಥ. ತಂಪು, ತೇವ ಸಿಕ್ಕಿದರೆ ಎರಡೂ ಈಜುವ ಬೀಜಕಣ ಬಿಡುತ್ತವೆ. ನೀರಿನ ಹನಿಯಲ್ಲಿ ಅವು ಓಡಾಡುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆ, ಮಳೆ ಬಿಡುವು ಕೊಡದ ವರ್ಷ ಕೊಳೆ ಯಾಕೆ ಹಾಗೆ ಹಬ್ಬುತ್ತದೆ ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗಾಯಿತು.

ಕೊಳೆಗೆ ನಾವು ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ. ಬೋರ್ಡೋ ಫ್ರಾನ್ಸಿನ ಒಂದು ಊರು. ಅಲ್ಲಿಯ ದ್ರಾಕ್ಷಿ ರೋಗಕ್ಕೆ 1880ರ ದಶಕದಲ್ಲಿ ಮಿಲಾರ್ಡೆ ಅನ್ನುವವರು ರೂಢಿಗೆ ತಂದ ಔಷಧಿ ಅದು. ಅದನ್ನು ಅಡಿಕೆಗೆ ಹೊಂದಿಸಿದ ಕೀರ್ತಿ ಕೆನಡಾದ ಲೆಸ್ಲಿ ಕೋಲ್ಮನ್ ಅವರದು. ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಕೊಳೆ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಬರೆದರು. ಅವರೂ ದೂರದಿಂದ ಬಂದವರೇ, ನಮ್ಮ ತೋಟ ನೋಡಿ ಕಲಿತವರೇ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ನಮ್ಮ ಅಪ್ಪಯ್ಯ ಬಾಯಿಪಾಠ ಹೇಳುವ ಲೆಕ್ಕ ಇಷ್ಟು ದೂರ ನಡೆದು ಬಂದದ್ದು.

ನಮ್ಮ ತೋಟದ ಕೊಳೆ ಬಂದ ಕಾಯಿ ಒಂದೆರಡು ತಗೊಂಡು ಹೋಗಿ ಅಲ್ಲಿ ಟೆಸ್ಟ್ ಮಾಡಿಸಬಹುದಾ?

ಖಂಡಿತ ಬೇಡ. ಒಂದು, ನಮ್ಮ ದೇಶದ ಜೀವಿ ಮಾದರಿಗಳನ್ನು ಹೊರದೇಶದ ಸಂಶೋಧನೆಗೆ ಕೊಡುವುದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮ ಇದೆ, ಅನುಮತಿ ಬೇಕು. ಎರಡು, ರೋಗವನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಇನ್ನೊಂದು ದೇಶಕ್ಕೆ ಒಯ್ಯುವುದು ದೊಡ್ಡ ತಪ್ಪು. ಹೊರಡುವ ಮೊದಲು ತೋಟದಲ್ಲಿ ಹಾಕಿದ ಚಪ್ಪಲಿ, ಬೂಟು ಕೂಡ ಮಣ್ಣು ಹೋಗುವ ಹಾಗೆ ತೊಳೆಯಿರಿ. ಕಾಯಿ ಟೆಸ್ಟ್ ಮಾಡಿಸಬೇಕಾದರೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ.

ವಾಪಸ್ ಬಂದ ಮೇಲೆ "ನೀನು ಬದಲಾಗಿದೀಯ" ಅಂತಾರೆ. ಬೇಜಾರಾಗುತ್ತೆ. ಏನ್ ಮಾಡ್ಲಿ?

ಹೋಗಿ ಬಂದ ಹುಡುಗನೊಬ್ಬ ಇದನ್ನು ಬರೆದಿದ್ದ. ನನಗೂ ಆಗಿದೆ. ಬಂದ ಹದಿನೈದು ದಿನ ನಾನು ಎಲ್ಲದಕ್ಕೂ "ಅಲ್ಲಿ ಹಾಗಲ್ಲ" ಅನ್ನುತ್ತಿದ್ದೆ. ಬಸ್ಸು ತಡವಾದರೂ, ಯಾರಾದರೂ ಸಾಲು ಮುರಿದರೂ. ಒಂದು ದಿನ ಅಮ್ಮ ರೊಟ್ಟಿ ಬಡಿಸುತ್ತಾ "ಇನ್ನೊಂದು" ಅಂದಳು. "ಬೇಡ ಅಂದೆನಲ್ಲ, ಮತ್ತೆ ಯಾಕೆ ಕೇಳ್ತೀಯ?" ಅಂದುಬಿಟ್ಟೆ. ಅಮ್ಮ ಏನೂ ಹೇಳದೆ ಒಳಗೆ ಹೋದಳು. ಆ ಮುಖ ಇನ್ನೂ ಕಣ್ಣ ಮುಂದಿದೆ.

ಅಲ್ಲಿಯ ನೇರ ಮಾತು ಅಲ್ಲಿಗೆ ಸರಿ. ಇಲ್ಲಿ ಮೂರು ಸಲ ಕೇಳುವುದು ಅಮ್ಮನ ಭಾಷೆ, ಅದೂ ನನಗೆ ಬರುವ ಭಾಷೆಯೇ. ನಾನೀಗ ಎರಡನೇ ಸಲಕ್ಕೆ ಅರ್ಧ ರೊಟ್ಟಿ ಹಾಕಿಸಿಕೊಳ್ಳುತ್ತೇನೆ. ನಿಮಗೆ ಬೇಜಾರಾಗುವುದು ಸಹಜ. ಮನೆಯವರಿಗೂ ಆಗಿರುತ್ತದೆ, ಅದನ್ನೂ ಕೇಳಿ ನೋಡಿ.

ಇದನ್ನೆಲ್ಲ ಕಲಿಯೋಕೆ ಹೊರದೇಶವೇ ಬೇಕಾ? ಬೆಂಗಳೂರು, ಹೋಗ್ಲಿ ಶಿವಮೊಗ್ಗದಲ್ಲೇ ಆಗಲ್ವಾ?

ಆಗುತ್ತದೆ. ದುಡ್ಡಿನ ತೊಂದರೆ ಇದ್ದರೆ ಸಾಲ ಮಾಡಿ ಹೋಗಬೇಡಿ ಅಂತಲೇ ನಾನು ಹೇಳುವುದು. ಸ್ಕಾಲರ್‌ಶಿಪ್ ಇದ್ದರೆ ಹೋಗಿ. ಇದ್ದರೂ ಮೊದಲ ತಿಂಗಳ ಖರ್ಚು ಕೈಯಲ್ಲಿರಲಿ, ಬ್ಯಾಂಕ್ ಖಾತೆ ತೆರೆದು ದುಡ್ಡು ಬರುವುದು ತಡವಾಗಬಹುದು.

ಇಲ್ಲೇ ಮಾಡುವುದಾದರೆ ಗುರುತು ಪರಿಚಯ ಇಲ್ಲದ ಜಾಗಕ್ಕೆ ಹೋಗಿ. ಮಾವನ ಆಫೀಸಿನಲ್ಲಿ, ಅಪ್ಪನ ಸ್ನೇಹಿತರ ಅಂಗಡಿಯಲ್ಲಿ ಇಂಟರ್ನ್‌ಶಿಪ್ ಮಾಡಿದರೆ ಮತ್ತೆ ಕೇಳುವ ಮೊದಲೇ ಎಲ್ಲ ಸಿಗುತ್ತದೆ. ದೂರ ಅನ್ನುವುದು ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಕಾರಣಕ್ಕೆ. ಅಲ್ಲಿ ನನ್ನ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ಅಲ್ಲೇ ಉಳ್ಕೊಳ್ಳಬಾರದಿತ್ತಾ? ಯಾಕೆ ಬಂದೆ?

ಉಳಿದವರನ್ನು ನಾನು ತಪ್ಪು ಅನ್ನುವುದಿಲ್ಲ. ನನ್ನ ವೀಸಾ ಇದ್ದದ್ದು ಇಂಟರ್ನ್‌ಶಿಪ್ಪಿಗೆ, ಪದವಿ ಮುಗಿಸುವುದು ಬಾಕಿ ಇತ್ತು, ಬಂದೆ. ಮುಂದೆ ಓದಲು ಮತ್ತೆ ಹೋಗಲೂಬಹುದು.

ಸದ್ಯ ಮನೆಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇದೆ. ಯಾವ ದಿನ ಔಷಧಿ ಹೊಡೆದೆವು, ಯಾವ ಸಾಲಿಗೆ, ಎಷ್ಟು ಸುಣ್ಣ, ಅವತ್ತು ಮಳೆ ಎಷ್ಟು ಹೊತ್ತು ಬಿಡುವು ಕೊಟ್ಟಿತು, ಎಲ್ಲ ಬರೆಯುತ್ತೇನೆ, ಪೆನ್ನಿನಲ್ಲಿ. ಮೊದಲ ವರ್ಷ ಅಪ್ಪಯ್ಯ ಅದನ್ನು ನೋಡಿಯೂ ನೋಡದ ಹಾಗಿದ್ದರು. ಈ ಸಲ ಎರಡನೇ ಔಷಧಿಗೆ ಹೊತ್ತಾದಾಗ, ಜಗಲಿಯಿಂದ "ನಿನ್ನ ಪುಸ್ತಕ ತಗೊಂಡು ಬಾರೇ" ಅಂತ ಕರೆದರು. ಕೆಳಗಿನ ತೋಟದ ಪುಟ ತೆಗೆದರೆ ಅಲ್ಲಿ ಒಂದು ತಾರೀಖಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ ಬರೆದಿತ್ತು: "ಇಲ್ಲಿ ತಪ್ಪಾಗಿದೆ. ಹೊಡೆದದ್ದು ಮಾರನೇ ದಿನ."